ದನ ಮೇಯುತ್ತಿದ್ದ ಗುಡ್ಡದ ಮೇಲೊಂದು ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಡಿಯಾರದ ಗೋಪುರ, ಕಲ್ಲಿನ ಕಂಬಗಳು, ದೊಡ್ಡ ಗ್ರಂಥಭಂಡಾರ. ಆ ಕಟ್ಟಡಗಳ ಬುನಾದಿಯನ್ನು ಯಾರ ಹೊಲದಲ್ಲಿ ತೋಡಿದರು, ಅಲ್ಲಿ ಹಿಂದೆ ಏನು ಬೆಳೆಯುತ್ತಿತ್ತು ಎಂದು ಕೇಳುವವರು ಕಡಿಮೆ. ನೆಲವನ್ನೇ ನಂಬಿ ಬದುಕುವ ನಾವಾದರೂ ಅದನ್ನು ಕೇಳಬೇಕಲ್ಲವೆ?

ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ ಇಥಾಕಾ ಎಂಬ ಊರಿದೆ. ಊರಿನ ಎದುರಿಗೆ ಸುಮಾರು 60 ಕಿಲೋಮೀಟರು ಉದ್ದದ ಕಯೂಗಾ ಸರೋವರ; ಬೆನ್ನಿಗೆ ಕಡಿದಾದ ಗುಡ್ಡ. ಗುಡ್ಡದ ಎರಡು ಮಗ್ಗುಲಲ್ಲೂ ಆಳವಾದ ಕಂದರಗಳಲ್ಲಿ ಹಳ್ಳಗಳು ಧುಮುಕುತ್ತವೆ. ನಮ್ಮ ಘಟ್ಟದ ಸೀಮೆಯವರಿಗೆ ಅಪರಿಚಿತವೆನಿಸದ ನೋಟ, ಚಳಿಗಾಲದಲ್ಲಿ ಮೊಣಕಾಲುದ್ದ ಬೀಳುವ ಹಿಮವೊಂದನ್ನು ಬಿಟ್ಟರೆ. ಈ ಗುಡ್ಡದ ಮೇಲೆ ಇರುವುದೇ ಕಾರ್ನೆಲ್ ವಿಶ್ವವಿದ್ಯಾನಿಲಯ. ಅದು ಒಬ್ಬ ರೈತನ ಸ್ವಂತ ಜಮೀನಿನಲ್ಲಿ ಎದ್ದು ನಿಂತದ್ದು. ಅದು ಹುಟ್ಟಿದ ಕಾನೂನಿಗೂ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯಕ್ಕೂ ಒಂದು ನಂಟು ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ನೇಗಿಲಿನಿಂದ ತಂತಿಗೆ

ಎಜ್ರಾ ಕಾರ್ನೆಲ್ ಹುಟ್ಟಿದ್ದು 1807ರಲ್ಲಿ, ಮಡಕೆ ಮಾಡುವವನೊಬ್ಬನ ಮಗನಾಗಿ. ಓದಿದ್ದು ಅಲ್ಪಸ್ವಲ್ಪ. ಬಡಗಿ ಕೆಲಸ ಕಲಿತು 1828ರಲ್ಲಿ ಇಥಾಕಾಕ್ಕೆ ಕೆಲಸ ಹುಡುಕಿಕೊಂಡು ಬಂದ. ಹಿಟ್ಟಿನ ಗಿರಣಿಯೊಂದರಲ್ಲಿ ಬಹಳ ವರ್ಷ ದುಡಿದ. ಆ ಕೆಲಸ ತಪ್ಪಿದ ಮೇಲೆ ಹೊಸ ಮಾದರಿಯ ನೇಗಿಲೊಂದರ ಮಾರಾಟದ ಹಕ್ಕು ಪಡೆದು ಊರೂರು ಅಲೆದ. ಹಾಗೆ ಅಲೆಯುತ್ತಿದ್ದಾಗಲೇ ಅವನ ಅದೃಷ್ಟ ತೆರೆಯಿತು. ತಂತಿ ಸಮಾಚಾರದ ಮೊದಲ ಮಾರ್ಗವನ್ನು ನೆಲದೊಳಗೆ ಹೂಳಬೇಕಾಗಿದ್ದ ಗುತ್ತಿಗೆದಾರನಿಗೆ ಇವನು ಕಾಲುವೆ ತೋಡಿ, ಕೊಳವೆ ಇಟ್ಟು, ಮಣ್ಣು ಮುಚ್ಚುವ ನೇಗಿಲನ್ನು ಮಾಡಿಕೊಟ್ಟ. ಹೂತ ತಂತಿ ಕೆಲಸ ಮಾಡಲಿಲ್ಲ. ಕಂಬ ನೆಟ್ಟು ಮೇಲೆ ಎಳೆಯಬೇಕಾಯಿತು. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೊದಲ ತಂತಿ ಹೋಯಿತು. ಕಾರ್ನೆಲ್ ತನ್ನ ಸಂಬಳವನ್ನೆಲ್ಲ ತಂತಿ ಕಂಪೆನಿಗಳ ಷೇರಿಗೆ ಸುರಿದು, ಎಷ್ಟೋ ವರ್ಷ ಸಾಲದಲ್ಲಿ ಮುಳುಗೇಳುತ್ತ, ಕೊನೆಗೆ ವೆಸ್ಟರ್ನ್ ಯೂನಿಯನ್ ಕಂಪೆನಿಯ ದೊಡ್ಡ ಪಾಲುದಾರನಾದ.

ಹಣ ಬಂದ ಮೇಲೆ ಅವನು ಮಾಡಿದ ಕೆಲಸ ನಮಗೆ ಚೆನ್ನಾಗಿ ಅರ್ಥವಾಗುವಂಥದು: ಜಮೀನು ಕೊಂಡ. 1857ರಲ್ಲಿ ಇಥಾಕಾದ ಪೂರ್ವದ ಗುಡ್ಡದ ಮೇಲೆ ಸುಮಾರು 300 ಎಕರೆ. ಅಲ್ಲಿ ಶಾರ್ಟ್‌ಹಾರ್ನ್ ಜಾತಿಯ ದನಗಳನ್ನು ತಂದು ಕಟ್ಟಿದ. ತಳಿ ಸುಧಾರಣೆಯಲ್ಲಿ ಅವನಿಗೆ ವಿಶೇಷ ಆಸಕ್ತಿ. 1862ರಲ್ಲಿ ರಾಜ್ಯದ ವ್ಯವಸಾಯ ಸಂಘಕ್ಕೆ ಅಧ್ಯಕ್ಷನಾದ. ಅಂದರೆ ಈತ ಪೇಟೆಯಲ್ಲಿ ಕುಳಿತು ಜಮೀನಿಗೆ ಹೆಸರು ಮಾತ್ರ ಕೊಟ್ಟ ಸಾಹುಕಾರನಲ್ಲ.

ಈ ಗುಡ್ಡ ಅವನಿಗೂ ಮೊದಲು ಬರಿದಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸರೋವರಕ್ಕೆ ಹೆಸರು ಕೊಟ್ಟ ಕಯೂಗಾ ಜನ ಅಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದು, ಪೀಚ್ ಮತ್ತು ಸೇಬಿನ ತೋಪುಗಳನ್ನು ಮಾಡಿಕೊಂಡಿದ್ದರು. ಅಮೆರಿಕಾದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1779ರಲ್ಲಿ, ಜನರಲ್ ಸಲಿವನ್ನನ ಸೈನ್ಯ ಬಂದು ಅವರ ಊರುಗಳನ್ನು ಸುಟ್ಟು, ಬೆಳೆ ನಾಶಮಾಡಿ, ಫಲ ಬಿಡುವ ಮರಗಳನ್ನು ಕಡಿದು ಹಾಕಿತು. ಆಮೇಲೆ ಆ ಭೂಮಿಯನ್ನು ಅಳೆದು, ಯುದ್ಧದಲ್ಲಿ ಸೇವೆ ಮಾಡಿದ ಸಿಪಾಯಿಗಳಿಗೆ ಹಂಚಲಾಯಿತು. ಕಾರ್ನೆಲ್ ಕೊಂಡದ್ದು ಹಾಗೆ ಕೈಬದಲಾದ ಪ್ರದೇಶದ ನೆಲವನ್ನು. ಒಂದು ಅಡಕೆ ಮರ ಫಸಲಿಗೆ ಬರಲು ಎಷ್ಟು ವರ್ಷ ಕಾಯಬೇಕೆಂದು ಬಲ್ಲವರಿಗೆ, ಶತ್ರುವಿನ ತೋಪನ್ನು ಕಡಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿಯಿಂದ ಕಾಲೇಜು

1862ರ ಜುಲೈ 2ರಂದು ಅಧ್ಯಕ್ಷ ಲಿಂಕನ್ ಒಂದು ಶಾಸನಕ್ಕೆ ಸಹಿ ಹಾಕಿದರು. ಅದನ್ನು ತಂದವರು ವರ್ಮಾಂಟ್ ರಾಜ್ಯದ ಜಸ್ಟಿನ್ ಮಾರಿಲ್. ವ್ಯವಸಾಯ ಮತ್ತು ಯಂತ್ರವಿದ್ಯೆಗಳನ್ನು ದುಡಿಯುವ ಜನರ ಮಕ್ಕಳಿಗೆ ಕಲಿಸುವ ಕಾಲೇಜುಗಳಿಗಾಗಿ, ಪ್ರತಿ ರಾಜ್ಯಕ್ಕೂ ಅದರ ಸಂಸತ್ ಸದಸ್ಯರ ತಲೆಗೆ 30,000 ಎಕರೆಯಂತೆ ಕೇಂದ್ರ ಸರ್ಕಾರದ ಭೂಮಿ ಕೊಡುವುದೆಂದು ಅದರ ತಾತ್ಪರ್ಯ. ನ್ಯೂಯಾರ್ಕಿಗೆ 33 ಸದಸ್ಯರು. ಸಿಕ್ಕಿದ್ದು 9,89,920 ಎಕರೆ. ದೇಶದಲ್ಲೇ ಅತಿ ದೊಡ್ಡ ಪಾಲು.

ಆದರೆ ನ್ಯೂಯಾರ್ಕಿನೊಳಗೆ ಕೇಂದ್ರ ಸರ್ಕಾರದ ಖಾಲಿ ಭೂಮಿ ಇರಲಿಲ್ಲ. ಅಂಥ ರಾಜ್ಯಗಳಿಗೆ ಭೂಮಿಯ ಬದಲು ಚೀಟಿ ಕೊಟ್ಟರು. ಸ್ಕ್ರಿಪ್ ಎಂದು ಅದರ ಹೆಸರು. ಚೀಟಿ ಹಿಡಿದವನು ಪಶ್ಚಿಮದ ರಾಜ್ಯಗಳಿಗೆ ಹೋಗಿ ಅಷ್ಟು ಎಕರೆ ಆರಿಸಿಕೊಳ್ಳಬಹುದು. ರಾಜ್ಯ ಸರ್ಕಾರ ತಾನೇ ಹೋಗಿ ಆರಿಸಿಕೊಳ್ಳುವಂತಿಲ್ಲ, ಚೀಟಿಯನ್ನು ಮಾರಿಯೇ ತೀರಬೇಕು. ಮುಂದೆ ಏನಾಯಿತೆಂಬುದನ್ನು ನಮ್ಮ ಸದಸ್ಯರು ಊಹಿಸಬಲ್ಲರು. ಎಕರೆಗೆ 1.25 ಡಾಲರ್ ಬಾಳಬೇಕಾದ ಚೀಟಿಗಳನ್ನು ಎಲ್ಲ ರಾಜ್ಯಗಳೂ ಒಟ್ಟಿಗೆ ಮಾರುಕಟ್ಟೆಗೆ ತಂದು ಸುರಿದವು. ಧಾರಣೆ ಬಿತ್ತು, ಅರ್ಧಕ್ಕೆ ಬಿತ್ತು, ಅದಕ್ಕೂ ಕೆಳಗೆ ಬಿತ್ತು. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ತನ್ನ 1,20,000 ಎಕರೆಯನ್ನು ಒಟ್ಟು 50,000 ಡಾಲರಿಗೆ ಕೊಟ್ಟು ಕೈತೊಳೆದುಕೊಂಡಿತು. ಕೊಯ್ಲು ಮುಗಿಯುವ ಮೊದಲೇ ಮಂಡಿಗೆ ಮೂಟೆ ಸಾಗಿಸುವ ಗದ್ದಲ ಅಲ್ಲಿಯೂ ನಡೆದದ್ದು ಹೀಗೆ.

ಇಥಾಕಾದ ರೈತ ಇಲ್ಲಿ ಬುದ್ಧಿವಂತಿಕೆ ತೋರಿಸಿದ. 1864ರಲ್ಲಿ ಅವನು ರಾಜ್ಯದ ಸೆನೆಟ್ ಸದಸ್ಯನಾಗಿದ್ದ. ಅಲ್ಲಿ ಅವನ ಜೊತೆಗಾರ ಆಂಡ್ರೂ ಡಿಕ್ಸನ್ ವೈಟ್ ಎಂಬ ಮೂವತ್ತೆರಡರ ಚರಿತ್ರೆಯ ಪಂಡಿತ. ಈ ಭೂದಾನವನ್ನು ಎರಡು ಸಣ್ಣ ಕಾಲೇಜುಗಳಿಗೆ ಹಂಚಿಬಿಡೋಣ ಎಂಬುದು ಕಾರ್ನೆಲ್ಲನ ಮೊದಲ ಮನಸ್ಸು. ಹಂಚಿದರೆ ಯಾರಿಗೂ ಸಾಲದು, ಒಂದೇ ಕಡೆ ಇರಲಿ ಎಂದು ವೈಟ್ ಹಟ ಹಿಡಿದ. ಮೊದಲು ಎದುರಾಳಿಗಳಾಗಿದ್ದ ಇಬ್ಬರೂ ಕೊನೆಗೆ ಒಂದಾದರು. ಕಾರ್ನೆಲ್ ತನ್ನ ಕೈಯಿಂದ 5 ಲಕ್ಷ ಡಾಲರ್ ಕೊಡುವುದಾಗಿ ಹೇಳಿದ. ಜೊತೆಗೆ ಗುಡ್ಡದ ಮೇಲಿನ ತನ್ನ ಜಮೀನಿನಲ್ಲಿ ಸುಮಾರು 200 ಎಕರೆ. 1865ರ ಏಪ್ರಿಲ್ 27ರಂದು ಗವರ್ನರರ ಸಹಿಯಾಯಿತು. ಯಾವ ಮನುಷ್ಯನಾದರೂ ಬಂದು ಯಾವ ವಿದ್ಯೆಯನ್ನಾದರೂ ಕಲಿಯುವಂಥ ಸಂಸ್ಥೆ ಆಗಬೇಕೆಂಬುದು ಸ್ಥಾಪಕನ ಆಶಯವಾಗಿತ್ತು.

ಅನಂತರ ಅವನು ರಾಜ್ಯದಿಂದ ಚೀಟಿಗಳನ್ನು ತಾನೇ ಕೊಂಡುಕೊಂಡ. ಮೊದಲು ಒಂದು ಲಕ್ಷ ಎಕರೆಯಷ್ಟು, ಎಕರೆಗೆ 50 ಸೆಂಟಿನಂತೆ. ಮರುವರ್ಷ ಉಳಿದದ್ದಕ್ಕೂ ಕರಾರು ಮಾಡಿಕೊಂಡ. ಲಾಭವೇನಿದ್ದರೂ ವಿಶ್ವವಿದ್ಯಾನಿಲಯದ್ದು, ತನ್ನದಲ್ಲ ಎಂಬುದು ಷರತ್ತು. ಸುಮಾರು 5 ಲಕ್ಷ ಎಕರೆಯನ್ನು ಅವನು ಬಹುಪಾಲು ವಿಸ್ಕಾನ್ಸಿನ್ ರಾಜ್ಯದ ಪೈನ್ ಮರದ ಕಾಡುಗಳಲ್ಲಿ ಆರಿಸಿಕೊಂಡು, ಮಾರದೆ ಹಿಡಿದಿಟ್ಟ. ಹಿಡಿದಿಡುವುದು ಬಾಯಿಮಾತಲ್ಲ. ವರ್ಷವರ್ಷವೂ ಕಂದಾಯ ಕಟ್ಟಬೇಕು, ಕಳ್ಳರು ಮರ ಕಡಿಯದಂತೆ ಕಾಯಬೇಕು. ಇತ್ತ ರೈಲುಮಾರ್ಗಗಳಲ್ಲಿ ಹಾಕಿದ ದುಡ್ಡು ಮುಳುಗಿ ಅವನ ಸ್ವಂತ ಆಸ್ತಿ ಕರಗುತ್ತಿತ್ತು. ಸಾಲದ್ದಕ್ಕೆ, ಈ ಭೂಮಿಯಲ್ಲಿ ತಾನೇ ಲಾಭ ಹೊಡೆಯುತ್ತಿದ್ದಾನೆಂದು 1873ರಲ್ಲಿ ಶಾಸನಸಭೆಯಲ್ಲಿ ಆರೋಪ ಎದ್ದಿತು. ವಿಚಾರಣೆ ನಡೆದು ಆರೋಪ ಸುಳ್ಳೆಂದು ತೀರ್ಮಾನವಾಯಿತು. 1874ರ ಡಿಸೆಂಬರ್ 9ರಂದು ಅವನು ತೀರಿಕೊಂಡ. ಭೂಮಿಯಿಂದ ಬಂದ ದೊಡ್ಡ ಮೊತ್ತವನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಅವನ ತರುವಾಯ ಮರದ ವ್ಯಾಪಾರ ಬಲ್ಲ ಹೆನ್ರಿ ಸೇಜ್ ಎಂಬಾತ ಆ ಕಾಡುಗಳ ಉಸ್ತುವಾರಿ ವಹಿಸಿ, ಧಾರಣೆ ಏರಿದ ಮೇಲೆ ಮಾರುತ್ತ ಬಂದ. ಖರ್ಚು ಕಳೆದು ಸುಮಾರು 50 ಲಕ್ಷ ಡಾಲರ್ ಕೈಗೆ ಬಂತು. ಇಡೀ ದೇಶದ ಭೂದಾನದಲ್ಲಿ ನ್ಯೂಯಾರ್ಕಿನ ಪಾಲು ಹತ್ತರಲ್ಲಿ ಒಂದು. ಆದರೆ ಎಲ್ಲ ರಾಜ್ಯಗಳಿಗೂ ಸೇರಿ ಬಂದ ಹಣದಲ್ಲಿ ಮೂರರಲ್ಲಿ ಒಂದು ಭಾಗ ಇದೊಂದಕ್ಕೇ ಸಿಕ್ಕಿತು!

ಕಾರ್ನೆಲ್ಲನಿಗೆ ಷೇರಿನ ಬಲವಿತ್ತು, ಆದ್ದರಿಂದ ಕಾಯಲು ಸಾಧ್ಯವಾಯಿತು ಎಂಬುದನ್ನು ಮರೆಯುವಂತಿಲ್ಲ. ಮಗಳ ಮದುವೆ, ಆಳಿನ ಬಟವಾಡೆ, ಬ್ಯಾಂಕಿನ ಕಂತು ಇಷ್ಟನ್ನೂ ಒಂದೇ ಫಸಲಿನಲ್ಲಿ ತೀರಿಸಬೇಕಾದ ಮೂರು ಎಕರೆಯ ಬೆಳೆಗಾರ ಒಂಟಿಯಾಗಿ ಕಾಯಲಾರ. ಚಾಲಿಯನ್ನೋ ಕಾಫಿ ಚೆರ್ರಿಯನ್ನೋ ಗೋದಾಮಿನಲ್ಲಿಟ್ಟು ಅದರ ಮೇಲೆ ಈಡಿನ ಸಾಲ ಪಡೆಯುವ ಏರ್ಪಾಡು ಸಹಕಾರ ಸಂಘಗಳಲ್ಲಿ ಬಂದದ್ದು ಈ ಕಾರಣಕ್ಕೇ.

ಇನ್ನೊಂದು ಮಾತು. ವಿಸ್ಕಾನ್ಸಿನ್ನಿನ ಆ ಪೈನ್ ಕಾಡುಗಳೂ ಯಾರದ್ದೂ ಅಲ್ಲದವಾಗಿರಲಿಲ್ಲ. ಓಜಿಬ್ವೆ ಜನರಿಂದ 1837 ಮತ್ತು 1842ರ ಒಪ್ಪಂದಗಳಲ್ಲಿ ಬರೆಸಿಕೊಂಡ ಸೀಮೆ ಅದು. ಮಾರಿಲ್ ಶಾಸನದಡಿ ಹಂಚಿದ ಒಂದು ಕೋಟಿ ಎಕರೆಗೂ ಮೇಲ್ಪಟ್ಟ ಭೂಮಿ ಸುಮಾರು 250 ಮೂಲನಿವಾಸಿ ಪಂಗಡಗಳಿಂದ ಬಂದದ್ದೆಂದು 2020ರಲ್ಲಿ ಅಲ್ಲಿನ ಪತ್ರಿಕೆಯೊಂದು ದಾಖಲೆಗಳನ್ನು ಜೋಡಿಸಿ ತೋರಿಸಿತು. ಕಾರ್ನೆಲ್ ಸ್ವಂತ ಜಮೀನು ಕೊಟ್ಟದ್ದು ನಿಜ. ಆದರೆ ಸಂಸ್ಥೆಯ ಬೊಕ್ಕಸ ತುಂಬಿದ್ದು ಇತರರ ನೆಲದಿಂದ ಎಂಬುದೂ ಅಷ್ಟೇ ನಿಜ.

ಕಟ್ಟಡ ಎದ್ದಿತು, ಹೊಲ ಏನಾಯಿತು?

ಕಟ್ಟಡ ಎಲ್ಲಿ ಕಟ್ಟಬೇಕೆಂಬ ಬಗ್ಗೆಯೂ ಚರ್ಚೆ ನಡೆಯಿತು. ಊರಿಗೆ ಹತ್ತಿರವಾಗಿ ಇಳಿಜಾರಿನ ಕೆಳಗೆ ಕಟ್ಟೋಣ ಎಂದು ಕೆಲವು ಧರ್ಮದರ್ಶಿಗಳು. ಇಲ್ಲ, ಮೇಲಿನ ಸಮತಟ್ಟಿನಲ್ಲೇ ಆಗಬೇಕು, ಮುಂದೆ ಬೆಳೆಯಲು ಜಾಗ ಬೇಕು ಎಂದು ಕಾರ್ನೆಲ್. ಅವನ ಮಾತು ನಡೆಯಿತು. ಗುಡ್ಡದಿಂದಲೇ ಕಲ್ಲು ತೆಗೆದು ಹುಲ್ಲುಗಾವಲಿನ ಅಂಚಿಗೆ ಕಟ್ಟಿದರು. 1868ರ ಅಕ್ಟೋಬರ್ 7ರಂದು ಪ್ರಾರಂಭೋತ್ಸವವಾದಾಗ ಕಟ್ಟಡದ ಕೆಲಸ ಮುಗಿದಿರಲಿಲ್ಲ. ದಾನವಾಗಿ ಬಂದ ಒಂಬತ್ತು ಗಂಟೆಗಳನ್ನು ಮರದ ಚೌಕಟ್ಟೊಂದಕ್ಕೆ ತೂಗುಹಾಕಿ ಬಾರಿಸಿದರು. ಮೊದಲ ವರ್ಷಕ್ಕೆ 412 ಜನ ವಿದ್ಯಾರ್ಥಿಗಳು. ವೈಟ್ ಮೊದಲ ಅಧ್ಯಕ್ಷ.

ಹೊಲದಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡಿ ಓದಿನ ಖರ್ಚನ್ನು ದುಡಿದುಕೊಳ್ಳಬಹುದೆಂದು ಕಾರ್ನೆಲ್ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಅದನ್ನು ನಂಬಿ ಬಹಳ ಹುಡುಗರು ಬಂದರು. ಆದರೆ ಓದೂ ಆಗಬೇಕು, ಕೂಲಿಯೂ ಗಿಟ್ಟಬೇಕು ಎಂಬ ಲೆಕ್ಕ ಬಹುಮಂದಿಗೆ ಹೊಂದಲಿಲ್ಲ, ಯೋಜನೆ ಸೋತಿತು.

ಅದಕ್ಕಿಂತ ದೊಡ್ಡ ಸೋಲು ವ್ಯವಸಾಯ ವಿಭಾಗದ್ದು. ವ್ಯವಸಾಯದ ಹೆಸರಿನಲ್ಲಿ ಭೂಮಿ ಪಡೆದ, ರೈತನ ಜಮೀನಿನ ಮೇಲೆ ನಿಂತ ಸಂಸ್ಥೆಯಲ್ಲಿ ವ್ಯವಸಾಯ ಓದುವವರು ಬೆರಳೆಣಿಕೆಯಷ್ಟು. ಮೊದಲು ನೇಮಿಸಿದ ಅಧ್ಯಾಪಕರು ನಿಲ್ಲಲಿಲ್ಲ. ಸಾಹಿತ್ಯ, ವಿಜ್ಞಾನ, ಎಂಜಿನಿಯರಿಂಗ್ ಬೆಳೆದವು, ಹೊಲ ಸೊರಗಿತು. ಸುತ್ತಮುತ್ತಲ ರೈತರು ಆ ಗುಡ್ಡವನ್ನು ಕಂಡು ನಕ್ಕರೆ ಆಶ್ಚರ್ಯವೇನು?

1874ರಲ್ಲಿ ಐಸಾಕ್ ರಾಬರ್ಟ್ಸ್ ಎಂಬ ಹೊಸ ಪ್ರಾಧ್ಯಾಪಕ ಬಂದ. ಕಯೂಗಾ ಸರೋವರದ ಆಚೆ ದಡದ ಸೀಮೆಯಲ್ಲೇ ಹುಟ್ಟಿದ ರೈತನ ಮಗ. ಕೆಲಸ ಕಲಿತದ್ದು ಹೊಲದಲ್ಲಿ, ಕಾಲೇಜಿನಲ್ಲಲ್ಲ. ಅವನು ಬಂದಾಗ ಕಂಡದ್ದು ಕಳೆ ತುಂಬಿದ ಹೊಲ, ಹಾಲು ಕಡಿಮೆ ಕೊಡುವ ದನ. ಅವನು ಪುಸ್ತಕಕ್ಕೆ ಮೊದಲು ಕಳೆ ಕೀಳಿಸಿದ. ಇದ್ದ ಹಸುಗಳನ್ನೇ ಇಟ್ಟುಕೊಂಡು ಹೋಲ್‌ಸ್ಟೀನ್ ಹೋರಿ ಕೊಡಿಸಿ, ಹಾಲಿನ ಲೆಕ್ಕ ಬರೆದಿಟ್ಟು, ತಳಿ ಮೇಲೆತ್ತಿದ. ನಮಗೆ ಅತಿ ಹತ್ತಿರವಾದ ಅವನ ಕೆಲಸವೆಂದರೆ ಕೊಟ್ಟಿಗೆ ಗೊಬ್ಬರದ ಪರೀಕ್ಷೆ. ಗೊಬ್ಬರವನ್ನು ಬಯಲಲ್ಲಿ ಸಡಿಲವಾಗಿ ರಾಶಿ ಹಾಕಿ, ಮಳೆ ಬಿಸಿಲಿಗೆ ಬಿಟ್ಟು, ಆರು ತಿಂಗಳ ನಂತರ ಅಳೆದು ನೋಡಿದ. ಕುದುರೆ ಲದ್ದಿಯ ಸತ್ವದಲ್ಲಿ ಸುಮಾರು ಅರ್ಧ ಹೊರಟುಹೋಗಿತ್ತು. ಅದು ಹದವಾದ ಮಳೆಯ ದೇಶ. ನಮ್ಮ ಆಗುಂಬೆ, ತೀರ್ಥಹಳ್ಳಿ, ಶೃಂಗೇರಿ ಕಡೆಯ ಮಳೆಗೆ ಸೂರಿಲ್ಲದ ಗೊಬ್ಬರದ ಗುಂಡಿಯಲ್ಲಿ ಏನು ಉಳಿದೀತೆಂದು ಲೆಕ್ಕ ಹಾಕಿಕೊಳ್ಳಿ.

1888ರಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕನಾಗಿ ಲಿಬರ್ಟಿ ಹೈಡ್ ಬೈಲಿ ಬಂದ. ಆದರೂ ಸಂಸ್ಥೆಯ ವಿದ್ಯೆ ಗುಡ್ಡ ಇಳಿದು ರೈತನ ಮನೆಗೆ ಹೊರಟದ್ದು ಪ್ರಾಧ್ಯಾಪಕರೊಬ್ಬರಿಂದಲೇ ಅಲ್ಲ. ರಾಜ್ಯದ ಪಶ್ಚಿಮದ ತುದಿಯಲ್ಲಿ ಷಟಾಕ್ವಾ ಎಂಬ ದ್ರಾಕ್ಷಿ ಸೀಮೆಯಿದೆ. ಅಲ್ಲಿನ ಬೆಳೆಗಾರರಿಗೆ ರೋಗ, ಕೀಟಗಳ ಕಾಟ ಹೆಚ್ಚಾದಾಗ ಅವರು ತಮ್ಮ ಶಾಸಕನನ್ನು ಹಿಡಿದರು. 1894ರಲ್ಲಿ, ಪಶ್ಚಿಮ ಭಾಗದ ತೋಟಗಳಿಗೇ ಹೋಗಿ ಸಂಶೋಧನೆ ಮಾಡಿ ರೈತರಿಗೆ ತಿಳಿಸಬೇಕೆಂದು ಕಾರ್ನೆಲ್ಲಿಗೆ 8,000 ಡಾಲರ್ ಮಂಜೂರಾಯಿತು. ಬೈಲಿ ಮತ್ತು ಸಂಗಡಿಗರು ತೋಟಗಳಲ್ಲಿ ನಿಂತು ಪ್ರಯೋಗ ಮಾಡಿದರು, ಸಭೆ ಸೇರಿಸಿದರು, ಚಿಕ್ಕ ಪುಸ್ತಿಕೆಗಳನ್ನು ಹಂಚಿದರು. ವಿಸ್ತರಣಾ ಕಾರ್ಯ ಎಂದು ಇಂದು ಇಲಾಖೆಯವರು ಕರೆಯುವುದು ಅಲ್ಲಿ ಬೇರುಬಿಟ್ಟದ್ದು ಹೀಗೆ. ಬೆಳೆಗಾರರು ಕೇಳಿದರು, ಅವರು ಬಂದರು. ಸ್ಥಾಪನೆಯಾಗಿ ಆಗಲೇ ಸುಮಾರು ಮೂವತ್ತು ವರ್ಷ ಕಳೆದಿತ್ತು.

1900ರಲ್ಲಿ ಮಾರ್ಥಾ ವ್ಯಾನ್ ರೆನ್ಸಲೇರ್ ಎಂಬ ಹೆಣ್ಣುಮಗಳನ್ನು ಬೈಲಿ ಕರೆಸಿಕೊಂಡು, ರೈತರ ಮನೆಯ ಹೆಂಗಸರಿಗಾಗಿ ಅಂಚೆಯ ಮೂಲಕ ಪಾಠ ಪ್ರಾರಂಭಿಸಿದ. ಆಕೆಯ ಮೊದಲ ಪುಸ್ತಿಕೆಯ ವಿಷಯ ಮನೆಗೆಲಸದಲ್ಲಿ ನಡೆದಾಟದ ಶ್ರಮ ಉಳಿಸುವುದು. ಬಾವಿಗೂ ಒಲೆಗೂ ದಿನಕ್ಕೆ ಎಷ್ಟು ಸಲ ನಡೆಯುತ್ತಾರೆಂದು ನಮ್ಮ ಮನೆಗಳಲ್ಲಿ ಗಂಡಸರು ಯಾರಾದರೂ ಎಣಿಸಿದ್ದುಂಟೆ? 1904ರಲ್ಲಿ ವ್ಯವಸಾಯ ವಿಭಾಗ ರಾಜ್ಯದ ಕಾಲೇಜಾಗಿ, ಸರ್ಕಾರದ ಹಣದಿಂದ ಹೊಸ ಕಟ್ಟಡ ಪಡೆಯಿತು. ಕಟ್ಟಡಗಳು ಹೆಚ್ಚಿದಂತೆ ಹೊಲಗಳು ಪೂರ್ವಕ್ಕೆ ಸರಿಯುತ್ತ ಹೋದವು.

ಹೆಬ್ಬಾಳದ ನಂಟು

ಮಾರಿಲ್ ಶಾಸನದಿಂದ ಹುಟ್ಟಿದ ಪದ್ಧತಿಯ ತಿರುಳು ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು. ಸ್ವಾತಂತ್ರ್ಯಾನಂತರ ಭಾರತ ಕೃಷಿ ವಿಶ್ವವಿದ್ಯಾನಿಲಯಗಳನ್ನು ಕಟ್ಟುವಾಗ ಇದೇ ಮಾದರಿಯನ್ನು ಆರಿಸಿಕೊಂಡಿತು. 1960ರಲ್ಲಿ ಪಂತನಗರ, 1964ರಲ್ಲಿ ಬೆಂಗಳೂರು. 1964ರ ಆಗಸ್ಟ್ 21ರಂದು ನಮ್ಮದನ್ನು ಉದ್ಘಾಟಿಸಿದವರು ಆಗಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್. ಇದಕ್ಕೆ ನೆರವಾಗಿ ನಿಂತದ್ದು ಕಾರ್ನೆಲ್ ಅಲ್ಲ. ಅದೇ ಶಾಸನದ ಭೂದಾನ ಪಡೆದ ಟೆನೆಸಿ ವಿಶ್ವವಿದ್ಯಾನಿಲಯ.

ಹೆಬ್ಬಾಳದ ನೆಲಕ್ಕೂ ತನ್ನದೇ ಕಥೆಯಿದೆ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೃಷಿ ಸಂಶೋಧನೆಗೆಂದು ಅಲ್ಲಿ 30 ಎಕರೆ ಕೊಟ್ಟರು. ಮಣ್ಣಿನ ಪರೀಕ್ಷೆಗೆ ಡಾ. ಲೇಮನ್ ಎಂಬ ವಿಜ್ಞಾನಿ ಬಂದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ನಮ್ಮ ಮಲೆನಾಡಿಗೆ ಬಂದು ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ತೋಟಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬಂದದ್ದು ಆ ಕಾಲದ ಕೆಲಸದಿಂದ. ಕಾಫಿ ಬೆಳೆಗಾರರ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾಯಿತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯ 2012ರಲ್ಲಿ ಬಂತು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಅದರ ಆವರಣವಿದೆ.

ಷಟಾಕ್ವಾದ ದ್ರಾಕ್ಷಿ ಬೆಳೆಗಾರರು ಮಾಡಿದ್ದನ್ನು ನಾವೂ ಮಾಡಬಹುದು. ಅಡಕೆಯ ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಇವುಗಳ ಬಗ್ಗೆ ತಮ್ಮ ತೋಟದಲ್ಲಿ ಕಂಡದ್ದನ್ನು, ಯಾವ ತಿಂಗಳು, ಯಾವ ಮಗ್ಗುಲು, ಎಷ್ಟು ಗಿಡ ಎಂಬ ವಿವರದೊಂದಿಗೆ, ಸದಸ್ಯರು ಒಂದು ಹಾಳೆಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಅಡಕೆಯ ಹಾಳೆಗಳನ್ನು ಒಟ್ಟುಮಾಡಿ ಇರುವಕ್ಕಿಗೂ, ಕಾಫಿಯವನ್ನು ಬಾಳೆಹೊನ್ನೂರಿಗೂ ಸಂಘದ ಮೊಹರು ಹಾಕಿ ಕಳಿಸುತ್ತೇವೆ. ವಿಜ್ಞಾನಿಗಳು ಬರುವ ದಿನ ಗೊತ್ತಾದ ಕೂಡಲೆ ಕಚೇರಿಯ ಫಲಕದಲ್ಲಿ ಹಾಕಲಾಗುವುದು.